ಕರಿಕೋಟಿನ ಮೊದಲ ವರ್ಷ

ಎಕ್ಕಂಬಿಯ ನಮ್ಮ ಕೇರಿ ಹುಡುಗನೊಬ್ಬ ಎಲ್‌ಎಲ್‌ಬಿ ಮುಗಿಸಿ ಶಿರಸಿ ಕೋರ್ಟಿಗೆ ಹೊರಟಿದ್ದಾನೆ. "ಅಣ್ಣಾ, ಬೇಲ್ ಅರ್ಜಿ ಬರೆಯೋದನ್ನ ಕಾಲೇಜಲ್ಲಿ ಕಲಿಸಲೇ ಇಲ್ಲ" ಅಂದ. ಅದಕ್ಕೇ ಈ ಹಳೇ ಕತೆ, ಗೆಳೆಯರೇ.

1956ರವರೆಗೆ ನಮ್ಮ ಉತ್ತರ ಕನ್ನಡ ಮುಂಬೈಗೆ ಸೇರಿತ್ತು. ನಮ್ಮ ಜಿಲ್ಲೆಯ ಅಪೀಲು ಹೋಗ್ತಿದ್ದ ಅದೇ ಬಾಂಬೆ ಹೈಕೋರ್ಟಿನಲ್ಲಿ 1923ರಲ್ಲಿ ಬಾಬಾಸಾಹೇಬರು ವಕೀಲಿ ಶುರು ಮಾಡಿದ್ದು. ಸನದಿನ ಶುಲ್ಕಕ್ಕೂ ಗೆಳೆಯ ನವಲ್ ಭತೇನಾ ನೆರವಾಗಬೇಕಾಯ್ತು.

1961ರ ವಕೀಲರ ಕಾಯ್ದೆಯಲ್ಲಿ ತರಬೇತಿ, ಪರೀಕ್ಷೆ ಎರಡೂ ಇದ್ದವು. 1973ರ ತಿದ್ದುಪಡಿ ಅವನ್ನು ಕಿತ್ತುಹಾಕಿತು. 1995ರಲ್ಲಿ ಬಾರ್ ಕೌನ್ಸಿಲ್ ಒಂದು ವರ್ಷದ ತರಬೇತಿ ಕಡ್ಡಾಯ ಮಾಡಿತು. ಆ ಅಧಿಕಾರ ನಿಮಗಿಲ್ಲ ಅಂತ 1999ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ತೀರ್ಪು ಸರಿಯೇ ಇರಬಹುದು. ಆದರೆ ಕಲಿಕೆ ಸೀನಿಯರ್ ಮರ್ಜಿಗೆ ಬಿತ್ತು. ಫೈಲು ಪರಿಚಯದವರ ಮಕ್ಕಳಿಗೆ, ಡೇಟ್ ಬರ್ಕೊಳ್ಳೋದು ನಮ್ಮವರಿಗೆ. ರಿಮಾಂಡಿನ ದಿನ ಏನು ಕೇಳಬೇಕು, ಪಾಟಿಸವಾಲನ್ನ ಎಲ್ಲಿ ನಿಲ್ಲಿಸಬೇಕು ಅನ್ನೋದು ಪುಸ್ತಕದಲ್ಲಿ ಸಿಗಲ್ಲ. ದೌರ್ಜನ್ಯ ತಡೆ ಕಾಯ್ದೆಯ ಕೇಸಲ್ಲಿ ಸಾಕ್ಷಿ ಉಲ್ಟಾ ಹೊಡೆದಾಗ ಇದು ಗೊತ್ತಿಲ್ಲದ ವಕೀಲ ಏನು ಮಾಡ್ತಾನೆ?

ನೋಂದಣಿಗೆ ನಮ್ಮವರಿಂದ 125 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಮಾಜ ಕಲ್ಯಾಣ ಇಲಾಖೆಯಲ್ಲಿ ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ತರಬೇತಿ ಭತ್ಯೆಯೂ ಇದೆ. "ಮೊದಲು ಆ ಅರ್ಜಿ ಹಾಕು ತಮ್ಮಾ, ಬೇಲ್ ಅರ್ಜಿ ಆಮೇಲೆ" ಅಂದೆ. ಸೋಮವಾರ ಇಬ್ಬರೂ ಶಿರಸಿ ಬಸ್ಸು ಹತ್ತುತ್ತೀವಿ.