ಎಚ್-1ಬಿ ವೀಸಾ

ಎಚ್-1ಬಿ ವೀಸಾ ಎಂಬುದು ವಿಶೇಷ ಪರಿಣತಿಯ ಹುದ್ದೆಗಳಿಗೆ ವಿದೇಶೀಯರನ್ನು ತಾತ್ಕಾಲಿಕವಾಗಿ ನೇಮಿಸಿಕೊಳ್ಳಲು ಅಮೆರಿಕ ಸಂಯುಕ್ತ ಸಂಸ್ಥಾನವು ನೀಡುವ ಉದ್ಯೋಗ ವೀಸಾ. ಇದನ್ನು ಪಡೆದವರಲ್ಲಿ ಭಾರತೀಯರೇ ಅಧಿಕ. ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಉದ್ಯಮ ಬೆಳೆದಂತೆ ಕರ್ನಾಟಕದ ಅನೇಕ ಎಂಜಿನಿಯರುಗಳು ಈ ಮಾರ್ಗವಾಗಿ ಅಮೆರಿಕಕ್ಕೆ ತೆರಳಿದ್ದಾರೆ.

ಇತಿಹಾಸ

1990ರ ವಲಸೆ ಕಾಯಿದೆಯು ಈ ವರ್ಗಕ್ಕೆ ಈಗಿನ ರೂಪ ನೀಡಿ, ವಾರ್ಷಿಕ ಮಿತಿಯನ್ನು 65,000 ಎಂದು ನಿಗದಿಪಡಿಸಿತು. 2001ರಿಂದ 2003ರವರೆಗಿನ ಆರ್ಥಿಕ ವರ್ಷಗಳಲ್ಲಿ ಮಿತಿಯು 1,95,000ಕ್ಕೆ ಏರಿ, 2004ರಲ್ಲಿ ಮತ್ತೆ 65,000ಕ್ಕೆ ಇಳಿಯಿತು. ಅಮೆರಿಕದಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಪ್ರತ್ಯೇಕವಾಗಿ 20,000 ಸ್ಥಾನಗಳಿವೆ. 2025ರ ಸೆಪ್ಟೆಂಬರಿನ ಅಧ್ಯಕ್ಷೀಯ ಘೋಷಣೆಯೊಂದು ವಿದೇಶದಲ್ಲಿರುವವರ ಪರವಾದ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸಿತು.

ವಿಧಾನ

ಮೂಲ ಅರ್ಜಿಯನ್ನು ಸಲ್ಲಿಸುವುದು ಉದ್ಯೋಗಿಯಲ್ಲ, ಉದ್ಯೋಗದಾತ ಸಂಸ್ಥೆ. ಸ್ಥಳೀಯ ದರಕ್ಕೆ ಕಡಿಮೆಯಿಲ್ಲದ ವೇತನ ಕೊಡುವುದಾಗಿ ಅದು ಕಾರ್ಮಿಕ ಇಲಾಖೆಗೆ ಮೊದಲು ಘೋಷಿಸಬೇಕು. ಬೇಡಿಕೆಯು ಮಿತಿ ಮೀರಿದಾಗ ಲಾಟರಿಯ ಮೂಲಕ ಆಯ್ಕೆ ನಡೆಯುತ್ತದೆ. ಅನುಮತಿಯು ಮೊದಲು 3 ವರ್ಷಗಳವರೆಗೆ, ಒಟ್ಟಾರೆ ಸಾಮಾನ್ಯವಾಗಿ 6 ವರ್ಷಗಳವರೆಗೆ ಇರುತ್ತದೆ.

ಕುಟುಂಬ ಮತ್ತು ಕಾಯಂ ವಾಸ

ಪತಿ ಅಥವಾ ಪತ್ನಿಗೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೂ ಎಚ್-4 ವೀಸಾ ದೊರೆಯುತ್ತದೆ. ವಾಸದ ಹಕ್ಕು ಉದ್ಯೋಗವನ್ನೇ ಅವಲಂಬಿಸಿರುವುದರಿಂದ, ಕೆಲಸ ಕಳೆದುಕೊಂಡವರು ಗರಿಷ್ಠ 60 ದಿನಗಳೊಳಗೆ ಬೇರೆ ಉದ್ಯೋಗದಾತರನ್ನು ಹುಡುಕಬೇಕು, ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು ಅಥವಾ ದೇಶ ಬಿಡಬೇಕು. ಕಾಯಂ ವಾಸದ ಪರವಾನಗಿಯಾದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿಯಿದೆ. ಆದಕಾರಣ ಭಾರತೀಯರ ಸರದಿ ಬಹಳ ದೀರ್ಘವಾಗಿದೆ. ಸರದಿ ಬರುವ ಮುನ್ನವೇ 21 ವರ್ಷ ತುಂಬಿದ ಮಕ್ಕಳು, ಬಾಲ್ಯದಿಂದ ಅಲ್ಲಿಯೇ ಬೆಳೆದಿದ್ದರೂ, ಎಚ್-4 ಅರ್ಹತೆಯನ್ನು ಕಳೆದುಕೊಳ್ಳುತ್ತಾರೆ.