ಕಡವೆಗೆ ಎಂಥ ಗುಂಡು?

ವಿಕ್ಟೋರಿಯಾದ ಬೆಟ್ಟಗಾಡಿನ ಬೇಟೆಗಾರರು 'ಸಾಂಬಾರ್' ಎನ್ನುವ ಜಿಂಕೆ ನಮ್ಮ ಬಂಡೀಪುರದ ಕಡವೆಯೇ. 1860ರ ದಶಕದಲ್ಲಿ ಏಷ್ಯಾದಿಂದ ತಂದು ಮೆಲ್ಬರ್ನ್ ಆಸುಪಾಸಿನಲ್ಲಿ ಬಿಟ್ಟ ಕಡವೆಗಳ ಸಂತತಿ ಇದು. ನಾನು ಬಂದೂಕು ಹಿಡಿದವನಲ್ಲ. ಆದರೆ ವೈದ್ಯನಾದ್ದರಿಂದ, ಯಾವ ಗುಂಡು ಎಂಥ ಗಾಯ ಮಾಡುತ್ತದೆ ಎಂಬ ಹಳೆಯ ಚರ್ಚೆ ನನ್ನನ್ನು ಸೆಳೆಯಿತು.

ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಅವರ ಪುಸ್ತಕ 1878ರಲ್ಲಿ ಬಂತು. ಆ ಕಾಲದ ಆನೆ ಬೇಟೆಗೆ 8 ಬೋರಿನ ಬಂದೂಕು ಬಳಕೆಯಲ್ಲಿತ್ತು. ಒಂದು ಪೌಂಡ್ ಸೀಸಕ್ಕೆ 8 ಗುಂಡು, ಅಂದರೆ ಒಂದೊಂದೂ ಸುಮಾರು 57 ಗ್ರಾಂ. ಆನೆಯ ತಲೆಬುರುಡೆ ಜೇನುಗೂಡಿನಂಥ ದಪ್ಪ ಮೂಳೆ. ಮೆತ್ತನೆಯ ಸೀಸ ಅಲ್ಲೇ ಚಪ್ಪಟೆಯಾಗುತ್ತದೆ, ಮಿದುಳು ಮುಟ್ಟುವುದಿಲ್ಲ. ಅದಕ್ಕೇ ಸೀಸಕ್ಕೆ ತವರ ಬೆರೆಸಿ ಗಟ್ಟಿ ಮಾಡುತ್ತಿದ್ದರು. ಹುಲಿ, ಕಡವೆಗಳಿಗಾದರೋ ಒಳಹೊಕ್ಕು ಅರಳುವ ಗುಂಡೇ ಬೇಕು. ಗಟ್ಟಿ ಗುಂಡು ಮೈ ತೂರಿಕೊಂಡು ಆಚೆ ಹೋದರೆ ಪ್ರಾಣಿ ದೂರ ಓಡಿ ನರಳಿ ಸಾಯಬಹುದು.

ಕಲ್ಕತ್ತದ ಬಳಿಯ ಡಮ್‌ಡಮ್ ಕಾರ್ಖಾನೆಯ ಹೆಸರು ಪಡೆದ ಇಂಥ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಸಮ್ಮೇಳನ ಘೋಷಿಸಿತು. ಮನುಷ್ಯನಿಗೆ ಕ್ರೌರ್ಯವಾದದ್ದು ಮೃಗಕ್ಕೆ ದಯೆ ಹೇಗಾಯಿತು? ಗಾಯಗೊಂಡ ಸೈನಿಕನಿಗೆ ಆಸ್ಪತ್ರೆಯಿದೆ, ಕಡವೆಗಿಲ್ಲ.

ಇಂದು ಭಾರತದಲ್ಲಿ ಕಡವೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ವಿಕ್ಟೋರಿಯಾದಲ್ಲಿ ಅದರ ಬೇಟೆಗೆ ಕನಿಷ್ಠ .270 ಕ್ಯಾಲಿಬರಿನ ರೈಫಲ್, 130 ಗ್ರೇನ್, ಅಂದರೆ ಸುಮಾರು 8.4 ಗ್ರಾಂ ತೂಕದ ಗುಂಡು ಬೇಕೆಂಬ ನಿಯಮವಿದೆ. ಸಿಡ್ನಿಯಲ್ಲಾಗಲಿ ಮೆಲ್ಬರ್ನ್‌ನಲ್ಲಾಗಲಿ ನೆರೆಯವರು ಬೇಟೆಯ ಮಾತೆತ್ತಿದರೆ, ಯಾವ ಗುಂಡೆಂದು ಕೇಳಿನೋಡಿ. ಪ್ರಾಣಿಯ ನೋವಿನ ಬಗ್ಗೆ ಅವರೆಷ್ಟು ಯೋಚಿಸಿದ್ದಾರೆಂಬುದು ಆ ಉತ್ತರದಲ್ಲೇ ತಿಳಿಯುತ್ತದೆ.