ನೀರೊಳಗೆ ಎರಡು ನೀರು?

1932ರಲ್ಲಿ ಮಾಸ್ಕೋ ವಿಮಾನ ನಿಲ್ದಾಣಕ್ಕೆ ಮಂಜು ಕವಿದು ವಿಮಾನ ಹೊರಡಲಿಲ್ಲ. ಕೇಂಬ್ರಿಡ್ಜಿಗೆ ಮರಳಬೇಕಿದ್ದ ವಿಜ್ಞಾನಿಗಳಾದ ಜೆ. ಡಿ. ಬರ್ನಾಲ್ ಮತ್ತು ರಾಲ್ಫ್ ಫೌಲರ್ ಕಾಯುತ್ತ ಕೂತರು. ಮಂಜಿನ ಮೇಲೆ ಶುರುವಾದ ಮಾತು ನೀರಿನ ಅಣುವಿನವರೆಗೂ ಹೋಯಿತು. ಮರುವರ್ಷ ಅದು ಪ್ರಬಂಧವಾಗಿ ಅಚ್ಚಾಯಿತು. ನೀರಿನ ವಿಜ್ಞಾನಕ್ಕೆ ಗಟ್ಟಿ ಅಡಿಪಾಯ ಬಿದ್ದದ್ದು ಅಲ್ಲಿ ಎಂದೇ ನಾನು ತಿಳಿಯುತ್ತೇನೆ.

ಒಗಟು ಮಾತ್ರ ಹಳೆಯದು. ಮಂಜುಗಡ್ಡೆ ತೇಲುವುದು ಅದರ ಆಕಾರದಿಂದಲ್ಲ, ಅದು ನೀರಿಗಿಂತ ಹಗುರ ಎಂಬುದರಿಂದ ಎಂದು ಗೆಲಿಲಿಯೊ 1612ರಲ್ಲೇ ವಾದಿಸಿದ್ದ. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಅದು ಅತಿ ಸಾಂದ್ರವಾಗಿರುವುದು 0 ಡಿಗ್ರಿಯಲ್ಲಲ್ಲ, 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಇದಕ್ಕೆ 1892ರಲ್ಲಿ, ಕ್ಷ-ಕಿರಣ ಕಾಣುವ ಮೂರು ವರ್ಷ ಮೊದಲು, ರಾಂಟ್‌ಜನ್ ಒಂದು ಕಾರಣ ಕೊಟ್ಟ: ದ್ರವದಲ್ಲಿ ಎರಡು ಬಗೆಯ ನೀರು ಬೆರೆತಿದೆ. ಒಂದು ಮಂಜುಗಡ್ಡೆಯಂತೆ ಸಡಿಲ, ಇನ್ನೊಂದು ಒತ್ತೊತ್ತು. ಬಿಸಿ ಮಾಡಿದರೆ ಸಡಿಲದ್ದು ಕರಗಿ ಒತ್ತಾಗುತ್ತದೆ. ಜೊತೆಗೇ ಎಲ್ಲ ದ್ರವಗಳಂತೆ ನೀರೂ ಹಿಗ್ಗುತ್ತದೆ. ಈ ಎಳೆದಾಟ ಸಮವಾಗುವ ಜಾಗವೇ 4 ಡಿಗ್ರಿ.

ಬರ್ನಾಲ್ ಮತ್ತು ಫೌಲರ್ ಅಣುವಿನ ರೂಪದಿಂದಲೇ ಹೊರಟರು. ಒಂದು ಆಮ್ಲಜನಕ, ಅದಕ್ಕೆ ಓರೆಯಾಗಿ ಅಂಟಿದ ಎರಡು ಜಲಜನಕ. ಪ್ರತಿ ಅಣು ತನ್ನ ಎರಡು ಕೈ ಚಾಚಿ ಇಬ್ಬರು ನೆರೆಯವರ ಹೆಗಲು ಹಿಡಿಯುತ್ತದೆ. ಇನ್ನಿಬ್ಬರು ಅದರ ಹೆಗಲು ಹಿಡಿಯುತ್ತಾರೆ. ಈ ಹಿಡಿತವೇ ಹೈಡ್ರೋಜನ್ ಬಂಧ; ಲ್ಯಾಟಿಮರ್ ಮತ್ತು ರೋಡ್‌ಬುಶ್ 1920ರಲ್ಲೇ ಅದನ್ನು ವಿವರಿಸಿದ್ದರು. ಗೋಲಿಗಳನ್ನು ಒತ್ತಾಗಿ ಪೇರಿಸಿದರೆ ಒಂದೊಂದಕ್ಕೂ ಹನ್ನೆರಡು ನೆರೆಯವರು. ಮಂಜುಗಡ್ಡೆಯಲ್ಲಿ ನಾಲ್ವರೇ. ಹಾಗಾಗಿ ಅದರ ಒಳಗೆಲ್ಲ ಆರುಮೂಲೆಯ ಪೊಳ್ಳು. ಕರಗಿದಾಗ ಬಲೆ ಕುಸಿಯುತ್ತದೆ, ಕೆಲವು ಅಣುಗಳು ಪೊಳ್ಳಿನತ್ತ ಜರುಗುತ್ತವೆ, ನೀರು ಭಾರವಾಗುತ್ತದೆ.

ಯಾರ ಕೈ ಯಾವ ಕಡೆಗೆ? ಅದಕ್ಕೆ ಒಂದೇ ಕಟ್ಟಳೆ ಇಲ್ಲ ಎಂದ ಲೈನಸ್ ಪೌಲಿಂಗ್, 1935ರಲ್ಲಿ. ಆಮ್ಲಜನಕಗಳು ಸಾಲಾಗಿ ನಿಂತಿದ್ದರೂ ಜಲಜನಕಗಳು ಲೆಕ್ಕವಿಲ್ಲದಷ್ಟು ಬಗೆಯಲ್ಲಿ ಕೂರಬಹುದು. ಸರಾಸರಿ ಅಣುವಿಗೆ ಒಂದೂವರೆ ಬಗೆ! ಹಾಗಾದರೆ ಪರಮಶೂನ್ಯದ ಹತ್ತಿರವೂ ಮಂಜುಗಡ್ಡೆಯಲ್ಲಿ ಒಂದಿಷ್ಟು ಅಸ್ತವ್ಯಸ್ತತೆ ಉಳಿಯಲೇಬೇಕು. ಎಂಟ್ರೋಪಿಯ ಲೆಕ್ಕದಲ್ಲಿ ಅದು ಮೋಲ್ ಒಂದಕ್ಕೆ, ಡಿಗ್ರಿ ಒಂದಕ್ಕೆ 0.806 ಕ್ಯಾಲೊರಿ. ಮರುವರ್ಷ ಜಿಯೋಕ್ ಮತ್ತು ಸ್ಟೌಟ್ ಅಳೆದರು: 0.82. ಕಾಗದ, ಪೆನ್ಸಿಲಿನಿಂದ ಹುಟ್ಟಿದ ಇಂಥ ಸುಂದರ ಲೆಕ್ಕ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಘನದ ಕಥೆ ಹೀಗೆ ಬಹುಪಾಲು ತಿಳಿಯಾಯಿತು. ಒತ್ತಡ ಏರಿಸುತ್ತ ಹೋದಂತೆ ಹೊಸ ಹೊಸ ಮಂಜುಗಡ್ಡೆಗಳೂ ಸಿಕ್ಕವು. ದ್ರವ ಮಾತ್ರ ಕೈಗೆ ಸಿಗಲಿಲ್ಲ, ಏಕೆಂದರೆ ಅಲ್ಲಿ ಒಂದೊಂದು ಹಿಡಿತದ ಆಯುಸ್ಸು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದ ಆಸುಪಾಸು. ಅದನ್ನು ಹಿಂಬಾಲಿಸಲು ಕಂಪ್ಯೂಟರೇ ಬೇಕಾಯಿತು. ನೆರೆಯ ಹೈದರಾಬಾದಿನಲ್ಲಿ ಹುಟ್ಟಿ ಅಮೆರಿಕದ ಆರ್ಗಾನ್ ಪ್ರಯೋಗಾಲಯ ಸೇರಿದ್ದ ಅನೀಸುರ್ ರಹಮಾನ್, ಫ್ರಾಂಕ್ ಸ್ಟಿಲಿಂಜರ್ ಜೊತೆಗೂಡಿ 1971ರಲ್ಲಿ 216 ಅಣುಗಳನ್ನು ಲೆಕ್ಕದೊಳಗೆ ಓಡಾಡಿಸಿದ. ಬರೀ 216! ರಾಂಟ್‌ಜನ್ ಕಲ್ಪಿಸಿದಂಥ ಮಂಜುಗಡ್ಡೆಯ ತುಣುಕು ಅಲ್ಲೆಲ್ಲೂ ಕಾಣಲಿಲ್ಲ. ಕಂಡದ್ದು ಸೊಟ್ಟಗೆ ಬಾಗಿದ, ಕಡಿದು ಮತ್ತೆ ಕೂಡುವ ಒಂದೇ ಬಲೆ.

ಅಲ್ಲಿಗೆ ಎರಡು ನೀರಿನ ಮಾತು ಮುಗಿಯಿತು ಅನ್ನಿಸಬೇಕಿತ್ತು. ಆದರೆ 1976ರಲ್ಲಿ ಸ್ಪೀಡಿ ಮತ್ತು ಏಂಜೆಲ್, ಹೆಪ್ಪುಗಟ್ಟದಂತೆ ಕಾಪಾಡಿದ ಅತಿತಣ್ಣನೆಯ ನೀರನ್ನು ಪರೀಕ್ಷಿಸಿದರು. ಮೈನಸ್ 45 ಡಿಗ್ರಿಯತ್ತ ಸಾಗಿದಂತೆ ಒತ್ತಿದರೆ ಕುಗ್ಗುವ ಅದರ ಗುಣ ಹದ್ದು ಮೀರಿ ಏರುತ್ತಿತ್ತು. 1984ರಲ್ಲಿ ಮಿಶಿಮಾ ತಂಡ ಮಾಮೂಲು ಮಂಜುಗಡ್ಡೆಯನ್ನು ಮೈನಸ್ 196 ಡಿಗ್ರಿಯಲ್ಲಿ ಹಿಂಡಿದಾಗ ಅದು ಸ್ಫಟಿಕರೂಪ ಕಳೆದುಕೊಂಡು ಗಾಜಿನಂಥ ಭಾರದ ಮಂಜುಗಡ್ಡೆಯಾಯಿತು. ಹಗುರದ ಗಾಜುಮಂಜು ಮೊದಲೇ ಗೊತ್ತಿತ್ತು. ಗಾಜು ಎರಡಿದ್ದರೆ ಅವುಗಳ ಹಿಂದೆ ದ್ರವವೂ ಎರಡಿರಬೇಕಲ್ಲವೇ? ಬಾಸ್ಟನ್ನಿನ ಜೀನ್ ಸ್ಟ್ಯಾನ್ಲಿ ತಂಡ 1992ರಲ್ಲಿ ಹೌದು ಎಂದಿತು.

2020ರಲ್ಲಿ ಆಂಡರ್ಸ್ ನಿಲ್ಸನ್ ತಂಡ ದಕ್ಷಿಣ ಕೊರಿಯಾದ ಪೊಹಾಂಗಿನಲ್ಲಿ ಭಾರದ ಗಾಜುಮಂಜನ್ನು ಲೇಸರಿನಿಂದ ಥಟ್ಟನೆ ಬಿಸಿಮಾಡಿ, ಕ್ಷ-ಕಿರಣದ ಮಿಂಚಿನಲ್ಲಿ ನೋಡಿತು. ಸ್ಫಟಿಕವಾಗುವ ಮುನ್ನ ಸಿಕ್ಕ ಕ್ಷಣಾರ್ಧದೊಳಗೆ ಸಾಂದ್ರ ದ್ರವ ಹಗುರ ದ್ರವವಾಗಿ ಬದಲಾಯಿತು. ನೋಡಿದ್ದೂ ರಾಂಟ್‌ಜನ್ ಕಂಡ ಕಿರಣದಲ್ಲೇ. ನಮ್ಮ ಲೋಟದ ನೀರಲ್ಲೂ ಆ ಎರಡರ ಛಾಯೆ ಇದೆಯೇ ಎಂಬ ಜಗಳ ಇನ್ನೂ ನಡೆದಿದೆ.